ಸ್ಕೂಟರಿನ ಐನೂರು ರೂಪಾಯಿ

ವಿರೋಧ ಪಕ್ಷದ ಶಾಸಕರೊಬ್ಬರ ಆಪ್ತ ಸಹಾಯಕ ನಾನು. ವರ್ಗಾವಣೆಗೆ ಶಿಫಾರಸು ಪತ್ರ, ಆಸ್ಪತ್ರೆಯಲ್ಲಿ ಹಾಸಿಗೆ, ಗೃಹಪ್ರವೇಶಕ್ಕೆ ಹಾಜರಿ, ಇವುಗಳಲ್ಲೇ ದಿನ ಕಳೆಯುತ್ತದೆ. ವಿಧೇಯಕ ಓದುವ ಕೆಲಸ ವರ್ಷಕ್ಕೆ ನಾಲ್ಕೈದು ಸಲ ಬಂದರೆ ಹೆಚ್ಚು. 2024ರ ಡಿಸೆಂಬರಿನ ಬೆಳಗಾವಿ ಅಧಿವೇಶನಕ್ಕೆ ಹೊರಟಾಗ ಬಂದದ್ದು ಮೋಟಾರು ವಾಹನ ತೆರಿಗೆಯ ತಿದ್ದುಪಡಿ ವಿಧೇಯಕ. ಹೊಸದಾಗಿ ನೋಂದಣಿಯಾಗುವ ಕಾರಿಗೆ ಸಾವಿರ ರೂಪಾಯಿ, ದ್ವಿಚಕ್ರ ವಾಹನಕ್ಕೆ ಐನೂರು ರೂಪಾಯಿ ಸೆಸ್, ಅಂದರೆ ಒಂದು ಉದ್ದೇಶಕ್ಕೆಂದೇ ವಸೂಲು ಮಾಡುವ ಹೆಚ್ಚುವರಿ ತೆರಿಗೆ. ಹಣ ಹೋಗುವುದು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಯ ನಿಧಿಗೆ.

ಸಾಹೇಬರಿಗೆ ಭಾಷಣ ಬೇಕಿತ್ತು. ನಾನು ಒಂದೇ ರಾತ್ರಿಯಲ್ಲಿ ಬರೆದುಕೊಟ್ಟೆ. 'ಜನರ ರಕ್ತ ಹೀರುವ ಸರ್ಕಾರ' ಎಂದು ಶುರುವಾಗಿ 'ಎಚ್ಚರಿಕೆ' ಎಂದು ಮುಗಿಯುವ, ಯಾರು ಯಾವ ತೆರಿಗೆಯ ವಿರುದ್ಧ ಬೇಕಾದರೂ ಓದಬಹುದಾದ ಭಾಷಣ. ಅವರು ಓದಿ ಪಕ್ಕಕ್ಕಿಟ್ಟು ಕೇಳಿದರು: "ಹನ್ನೆರಡು ಲಕ್ಷದ ಕಾರು ಕೊಳ್ಳುವವನು ಈಗ ಎಷ್ಟು ಕಟ್ಟುತ್ತಾನಪ್ಪಾ?"

ಲೆಕ್ಕ ಹಾಕಿದೆ. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ, ಅಂದರೆ ನೋಂದಣಿಯ ಹೊತ್ತಿಗೆ ಒಮ್ಮೆಗೇ ಕಟ್ಟುವ ತೆರಿಗೆ, ಶೇ 17. ಹನ್ನೆರಡು ಲಕ್ಷಕ್ಕೆ 2,04,000 ರೂಪಾಯಿ. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್ ಸೇರಿ 2,26,440. "ಇಷ್ಟು ಕಟ್ಟುವವನು ಇನ್ನೊಂದು ಸಾವಿರಕ್ಕೆ ಅಳುತ್ತಾನೆ ಎಂದು ನಾನು ಸದನದಲ್ಲಿ ಎದ್ದು ಹೇಳಿದರೆ ಮಂತ್ರಿಗಳು ನಗುವುದಿಲ್ಲವೇ?" ಎಂದರು. ಅವರು ಬಾಯಿಬಿಟ್ಟು ಹೇಳದ ಇನ್ನೊಂದು ಮಾತೂ ಇತ್ತು. ನಮ್ಮ ಸರ್ಕಾರ ಇದ್ದಾಗ ನಾವೂ ಆ ಶೇ 11ನ್ನು ಬಿಡದೆ ವಸೂಲು ಮಾಡಿದವರೇ. ಸೆಸ್ಸನ್ನು ಬೈಯುವ ಸಾಲನ್ನು ಭಾಷಣದಿಂದ ನಾನೇ ಹೊಡೆದುಹಾಕಿದೆ.

ಮಾರನೆಯ ದಿನ ಕ್ಷೇತ್ರದ ಕಚೇರಿಗೆ ಟ್ಯಾಕ್ಸಿ ಚಾಲಕರು ಆರೇಳು ಮಂದಿ ಬಂದರು. ವಿರೋಧಿಸುತ್ತೇವೆಂಬ ಸುದ್ದಿ ಹೇಗೋ ತಲುಪಿತ್ತು. ಅವರಲ್ಲಿ ಹಿರಿಯರೊಬ್ಬರು ಕುರ್ಚಿಯ ತುದಿಯಲ್ಲಿ ಕುಳಿತು, "ಅಣ್ಣಾ, ಅಪಘಾತವಾಗಿ ಕಾಲು ಹೋದವನಿಗೆ ಬರುವ ದುಡ್ಡು ಅದು. ಅದಕ್ಕೂ ನೀವು ಅಡ್ಡಗಾಲು ಹಾಕುತ್ತೀರಾ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಚಹಾ ತರಿಸಿದೆ. ಉತ್ತರ ಇಲ್ಲದಾಗ ನಮ್ಮ ಕಚೇರಿಯಲ್ಲಿ ಮಾಡುವುದೇ ಅದು.

ನ್ಯಾಯಾಲಯದ ದಾರಿಯನ್ನೂ ನೋಡಿದೆವು. ಹೊರರಾಜ್ಯದ ನೋಂದಣಿಯ ಕಾರು 30 ದಿನಕ್ಕಿಂತ ಹೆಚ್ಚು ಇಲ್ಲಿ ಓಡಿದರೆ ಜೀವಿತಾವಧಿ ತೆರಿಗೆ ಕಟ್ಟಬೇಕೆಂದು 2014ರಲ್ಲಿ ತಿದ್ದುಪಡಿ ಬಂದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಬೆಂಗಳೂರಿನ ಎಷ್ಟೋ ಮಂದಿಗೆ ಆ ತೀರ್ಪು ಇಂದಿಗೂ ನೆನಪಿದೆ. ಆದರೆ ಅಲ್ಲಿ ವಾದಕ್ಕೆ ಒಂದು ಆಸರೆಯಿತ್ತು: ಮರುನೋಂದಣಿಗೆ ಕೇಂದ್ರದ ಮೋಟಾರು ವಾಹನ ಕಾಯ್ದೆಯೇ 12 ತಿಂಗಳ ಅವಕಾಶ ಕೊಟ್ಟಿದೆ. ಇಲ್ಲಿ ಅಂಥದ್ದೇನೂ ಕಾಣಲಿಲ್ಲ. ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ರಾಜ್ಯ ಪಟ್ಟಿಯ 57ನೇ ನಮೂದಿನಲ್ಲೇ ಇದೆ. ಉಳಿದದ್ದು ಸದನ ಒಂದೇ, ಅಲ್ಲಿ ಸಂಖ್ಯೆ ನಮ್ಮದಲ್ಲ.

ಆಗ ಕಾರು ಬಿಟ್ಟು ಸ್ಕೂಟರಿನ ಕಡೆ ತಿರುಗಿದೆ. 90,000 ರೂಪಾಯಿಯ ಸ್ಕೂಟರಿಗೆ ಶೇ 12ರಂತೆ ತೆರಿಗೆ 10,800, ಅದರ ಮೇಲಿನ ಸೆಸ್ ಸೇರಿ 11,988. ಅದರ ಜೊತೆಗೆ ಐನೂರು. ಇನ್ನೊಂದು ಕಡೆ 25 ಲಕ್ಷದ ಕಾರು, ಅದರ ಮೇಲೆ ಸಾವಿರ. ವಾಹನದ ಬೆಲೆಗೆ ಹೋಲಿಸಿದರೆ ಸ್ಕೂಟರಿನವರ ಮೇಲೆ ಬೀಳುವ ಹೊಸ ಭಾರ ಸುಮಾರು ಹದಿನಾಲ್ಕು ಪಟ್ಟು. ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹೆಣ್ಣುಮಗಳು ಕಂತಿನಲ್ಲಿ ಕೊಳ್ಳುವ ಗಾಡಿ ಅದು. ಈ ಲೆಕ್ಕ ನೋಡಿದ ಮೇಲೆ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಒಪ್ಪಿಗೆಯಾಯಿತು ಎಂಬುದಕ್ಕೆ ಅದೇ ಗುರುತು.

ಅಲ್ಲಿಂದ ಮುಂದೆ ನಾವು ವಿಧೇಯಕವನ್ನು ವಿರೋಧಿಸಲಿಲ್ಲ. ತಿದ್ದುಪಡಿ ಬರೆದೆವು: ಒಂದು ಲಕ್ಷಕ್ಕಿಂತ ಕಡಿಮೆ ಬೆಲೆಯ ದ್ವಿಚಕ್ರ ವಾಹನಗಳಿಗೆ ಈ ಸೆಸ್ ಬೇಡ. ಚಾಲಕರ ನಿಧಿಗೂ ಅಡ್ಡಿಯಿಲ್ಲ, ಮಂತ್ರಿಗಳಿಗೆ ನಗಲು ಅವಕಾಶವೂ ಇಲ್ಲ. ಹೊಸಬರಿಗೆ ಉಪಯೋಗವಾಗುವ ಒಂದು ಸಂಗತಿ ಇಲ್ಲಿದೆ. ತೆರಿಗೆಯ ವಿಧೇಯಕ ಮಂಡಿಸಲು ರಾಜ್ಯಪಾಲರ ಶಿಫಾರಸು ಬೇಕು, ಹಾಗಾಗಿ ವಿರೋಧ ಪಕ್ಷದವರು ಅದನ್ನು ಮುಟ್ಟಲೇ ಆಗದು ಎಂಬ ತಪ್ಪು ತಿಳಿವಳಿಕೆ ಹಳೆಯ ಸಹಾಯಕರಲ್ಲೂ ಇದೆ. ಸಂವಿಧಾನದ 207ನೇ ವಿಧಿಯ ಒಂದನೇ ಖಂಡದ ಕೊನೆಯ ಸಾಲುಗಳನ್ನು ಓದಿ. ತೆರಿಗೆಯನ್ನು ಇಳಿಸುವ ಅಥವಾ ತೆಗೆದುಹಾಕುವ ತಿದ್ದುಪಡಿಗೆ ಆ ಶಿಫಾರಸು ಬೇಕಿಲ್ಲ. ಏರಿಸುವುದಕ್ಕೆ ಬೀಗವಿದೆ, ಇಳಿಸುವುದಕ್ಕೆ ಬಾಗಿಲು ತೆರೆದೇ ಇದೆ.

ಬೆಳಗಾವಿಯಲ್ಲಿ ಆ ವಾರ ತೆರಿಗೆಯ ಮಾತು ಯಾರಿಗೂ ಬೇಡವಾಗಿತ್ತು. ಡಿಸೆಂಬರ್ 10ರಂದು ಎಸ್.ಎಂ. ಕೃಷ್ಣ ತೀರಿಕೊಂಡರು. ಅದೇ ದಿನ ಸುವರ್ಣ ವಿಧಾನಸೌಧದ ಬಳಿ ಪಂಚಮಸಾಲಿ ಹೋರಾಟಗಾರರ ಮೇಲೆ ಲಾಠಿ ಪ್ರಹಾರವಾಯಿತು. ಪತ್ರಿಕೆಯವರಿಗೆ ಸ್ಕೂಟರಿನ ಲೆಕ್ಕ ಕೊಡಲು ಹೋದರೆ, "ಇವತ್ತು ಜಾಗವಿಲ್ಲ ಸರ್" ಎಂದರು. ಅವರದ್ದೇನೂ ತಪ್ಪಿರಲಿಲ್ಲ.

ವಿಧೇಯಕ ಪರ್ಯಾಲೋಚನೆಗೆ ಬಂದ ಹೊತ್ತಿಗೆ ಸಾಹೇಬರು ಸದನದಲ್ಲಿ ಇರಲಿಲ್ಲ. ಕ್ಷೇತ್ರದಿಂದ ಬಂದಿದ್ದ ನಿಯೋಗದ ಜೊತೆ ಕ್ಯಾಂಟೀನಿನ ಹೊರಗೆ ನಿಂತಿದ್ದರು. ನಾನು ಮೊಬೈಲಿಗೆ ಕರೆ ಮಾಡಿದೆ, ನೆಟ್‌ವರ್ಕ್ ಸಿಗಲಿಲ್ಲ. ಮೆಟ್ಟಿಲಿಳಿದು ಓಡಿದೆ. ಇಬ್ಬರೂ ಏದುಸಿರು ಬಿಡುತ್ತಾ ವಾಪಸು ಬರುವಷ್ಟರಲ್ಲಿ ವಿಧೇಯಕ ಅಂಗೀಕಾರವಾಗಿ ಮುಂದಿನದು ಶುರುವಾಗಿತ್ತು. ಅವರು ನನ್ನನ್ನು ಬೈಯಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, "ಆ ಹಾಳೆ ಜೋಪಾನವಾಗಿ ಇಟ್ಟುಕೋ" ಎಂದಷ್ಟೇ ಹೇಳಿದರು.

2025ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಹತ್ತು ಲಕ್ಷಕ್ಕಿಂತ ಕಡಿಮೆ ಬೆಲೆಯ ಹಳದಿ ಫಲಕದ ಕಾರುಗಳಿಗೆ, ಅಂದರೆ ಟ್ಯಾಕ್ಸಿಗಳಿಗೆ, ಶೇ 5 ಜೀವಿತಾವಧಿ ತೆರಿಗೆ. ಕಚೇರಿಗೆ ಅದೇ ಹಿರಿಯ ಚಾಲಕರು ಬಂದರು, ಈ ಸಲ ಕುರ್ಚಿಯ ತುಂಬ ಕುಳಿತರು. "ಅಣ್ಣಾ, ಇದಕ್ಕೆ ಅಡ್ಡಗಾಲು ಹಾಕಲೇಬೇಕು" ಎಂದರು. ನಾನು ಚಹಾಕ್ಕೆ ಹೇಳಿ, ಕಪಾಟಿನಿಂದ ಆ ಹಾಳೆ ತೆಗೆದೆ.