ರೆಕ್ಕೆ ಎಲ್ಲಿ ಉದುರಿದೆ ನೋಡಿ: ಹಾರುವ ಗೆದ್ದಲಿನ ಜೊತೆ ನನ್ನ ಎರಡು ಮಳೆಗಾಲ

ಮೊದಲ ಸಲ ಬಂದಾಗ ಅದು ಗೆದ್ದಲು ಅಂತ ನನಗೆ ಹೊಳೆಯಲೇ ಇಲ್ಲ. ಸಂಜೆ ಜೋರು ಮಳೆ ಹೊಡೆದು ನಿಂತಿತ್ತು. ಗಾಳಿ ಇಲ್ಲ, ಬರೀ ಸೆಖೆ. ಟ್ಯೂಬ್‌ಲೈಟ್ ಹಾಕಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಹಾಲ್ ತುಂಬ ಹುಳ. ತಲೆ ಮೇಲೆ, ನೀರಿನ ಲೋಟದಲ್ಲಿ, ಪರದೆಯ ಮಡಿಕೆಯಲ್ಲಿ. ಮಳೆಹುಳ ಅಲ್ವಾ, ಒಂದು ರಾತ್ರಿಯ ಕಾಟ ಅಂದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಹುಳಕ್ಕಿಂತ ರೆಕ್ಕೆಯೇ ಜಾಸ್ತಿ. ಪೊರಕೆ ಹತ್ತಿರ ಬಂದರೆ ಸಾಕು, ಎದ್ದು ಇನ್ನೊಂದು ಮೂಲೆಗೆ ಹೋಗಿ ಕೂರುತ್ತಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯೋದೇ ಸುಲಭ ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಬೆಳಗ್ಗೆ ಕಳೆದಿತ್ತು.

ಇರುವೆಗೂ ರೆಕ್ಕೆ ಬರುತ್ತದೆ. ಹಾಗಾಗಿ ಮೊದಲು ಯಾವುದು ಅಂತ ನೋಡಿಕೊಳ್ಳಬೇಕು. ನಾನು ಒಂದು ಹುಳವನ್ನು ಬಿಳಿ ಕಾಗದದ ಮೇಲಿಟ್ಟು ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಇರುವೆಯಾದರೆ ಸೊಂಟ ದಾರದಷ್ಟು ಸಣ್ಣ, ಮೀಸೆ ಮೊಣಕೈ ಥರ ಮಡಿಚಿರುತ್ತದೆ, ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ. ಗೆದ್ದಲಿಗೆ ಸೊಂಟವೇ ಕಾಣುವುದಿಲ್ಲ. ಮೀಸೆ ಮಣಿ ಪೋಣಿಸಿದ ಹಾಗೆ ನೇರ. ನಾಲ್ಕೂ ರೆಕ್ಕೆ ಒಂದೇ ಉದ್ದ, ಮೈಗಿಂತ ಎಷ್ಟೋ ಉದ್ದ. ನನ್ನದು ಗೆದ್ದಲೇ.

ಆ ವರ್ಷ ನಾನು ಮಾಡಿದ್ದೆಲ್ಲ ಹಾರುವ ಹುಳದ ಜೊತೆ ಜಗಳ. ಒಳಗಿನ ದೀಪ ಆರಿಸಿ ಹೊರಗಿನದು ಹಾಕಿದೆ. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿದೆ. ಉಳಿದ ಒಂದೇ ಬಲ್ಬಿನ ಕೆಳಗೆ ಅಗಲದ ಪಾತ್ರೆಯಲ್ಲಿ ನೀರಿಟ್ಟು ಎರಡು ಹನಿ ಸೋಪು ಬಿಟ್ಟೆ. ಸೋಪು ಹಾಕದಿದ್ದರೆ ಕೆಲವು ನೀರಿನ ಮೇಲೆ ತೇಲಿ ಅಂಚು ಹತ್ತಿ ಹೋಗುತ್ತವೆ, ಹಾಕಿದರೆ ಮುಳುಗುತ್ತವೆ. ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ವಿನೆಗರ್, ನಿಂಬೆರಸ, ಬೆಳ್ಳುಳ್ಳಿ ನೀರು ಎಲ್ಲವನ್ನೂ ಸಿಂಪಡಿಸಿ ನೋಡಿದೆ. ಮನೆ ಎರಡು ದಿನ ಉಪ್ಪಿನಕಾಯಿ ಭರಣಿಯ ಹಾಗೆ ನಾರಿತು, ಅಷ್ಟೇ.

ಮುಂದಿನ ವರ್ಷಕ್ಕೆ ಕಿಟಕಿಗೆಲ್ಲ ಜಾಲರಿ ಹಾಕಿಸಿ ಗೆದ್ದೆ ಅಂತ ಕೂತಿದ್ದೆ. ಮೊದಲ ದೊಡ್ಡ ಮಳೆಯ ಸಂಜೆ ಕಿಟಕಿ ಮುಚ್ಚಿ, ದೀಪ ಆರಿಸಿ, ಕತ್ತಲಲ್ಲಿ ಕುಳಿತಿದ್ದಾಗ ಕಾಲಿನ ಮೇಲೆ ಏನೋ ಹರಿದಾಡಿತು. ಟಾರ್ಚ್ ಹಾಕಿದೆ. ಅದೇ ಹುಳ. ಎಲ್ಲಾ ಮುಚ್ಚಿದ್ದರೂ ಹೇಗೆ ಬಂತು? ಸಾಲು ಹಿಡಿದು ಹೋದರೆ ಬಚ್ಚಲುಮನೆಯ ಬಾಗಿಲ ಚೌಕಟ್ಟು. ನೆಲದಿಂದ ಒಂದು ಗೇಣು ಮೇಲೆ, ಪೇಂಟಿನಲ್ಲಿ ಉಗುರಿನಷ್ಟು ಉದ್ದದ ಸೀಳು. ಅದರಿಂದ ಒಂದೊಂದಾಗಿ ಹೊರಗೆ ಬರುತ್ತಿದ್ದವು. ಸೀಳಿನ ಅಂಚಿನಲ್ಲಿ ರೆಕ್ಕೆಯಿಲ್ಲದ ಬಿಳಿಚಿದ ಹುಳಗಳು ತಲೆ ಹೊರಗೆ ಹಾಕಿ ಕಾವಲು ನಿಂತಿದ್ದವು. ಟಾರ್ಚಿನ ಬೆಳಕು ಬಿದ್ದ ಕೂಡಲೇ ಹಿಂದೆ ಸರಿದವು. ನನ್ನ ಮನೆಗೆ ಹೊರಗಿಂದ ಯಾರೂ ಬಂದಿರಲಿಲ್ಲ. ಅವರು ಒಳಗಿಂದ ಹೊರಟಿದ್ದರು.

ಇಷ್ಟು ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ರೆಕ್ಕೆಯ ಗೆದ್ದಲು ಮರ ತಿನ್ನುವುದಿಲ್ಲ. ಹಾರಿ, ಜೋಡಿ ಹುಡುಕಿ, ರೆಕ್ಕೆ ಉದುರಿಸಿ ಹೊಸ ಗೂಡು ಹೂಡುವುದು ಅದರ ಕೆಲಸ. ಬಹುಪಾಲು ಹಲ್ಲಿಗೆ, ಇರುವೆಗೆ, ಹಕ್ಕಿಗೆ ಆಹಾರವಾಗಿ ಅಥವಾ ಒಣಗಿ ಸಾಯುತ್ತವೆ. ಹೊರಗಿಂದ ದೀಪಕ್ಕೆ ಬಂದವಾದರೆ ಗುಡಿಸಿ ಹಾಕಿದರೆ ಮುಗಿಯಿತು. ಒಳಗಿಂದ ಹೊರಟವಾದರೆ ಬೇರೆ ಕಥೆ. ಗೂಡು ಹುಟ್ಟಿದ ವರ್ಷವೇ ರೆಕ್ಕೆಯ ಹುಳ ಕಳಿಸುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ 3ರಿಂದ 5 ವರ್ಷ ಆಗಿರಬೇಕು. ಅಂದರೆ ನಾನು ಪೇಂಟ್ ಹೊಡೆಸಿ ಖುಷಿಪಟ್ಟ ಆ ಚೌಕಟ್ಟಿನ ಆಚೆ ಅಷ್ಟೂ ವರ್ಷ ಊಟ ನಡೆದಿತ್ತು. ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೆ ಇಳಿಯಿತು. ಹೊರಗೆ ಪೇಂಟಿನ ಸಿಪ್ಪೆ, ಒಳಗೆ ಕಾಗದದ ಹಾಳೆಯಂಥ ಮರದ ಪದರ, ನಡುವೆ ಒದ್ದೆ ಮಣ್ಣು.

ಆಗ ಮಾಡಿದ್ದು ನನ್ನ ದೊಡ್ಡ ತಪ್ಪು. ಜಿರಲೆಗೆ ತಂದಿಟ್ಟಿದ್ದ ಸ್ಪ್ರೇಯನ್ನು ಆ ಸೀಳಿಗೆ ಪೂರ್ತಿ ಖಾಲಿ ಮಾಡಿದೆ. ಬುಡಬುಡ ಅಂತ ಹುಳ ಬಿದ್ದವು. ಮಾರನೇ ದಿನ ಒಂದೂ ಇಲ್ಲ. ಎರಡು ತಿಂಗಳಾದ ಮೇಲೆ ಪಕ್ಕದ ಕೋಣೆಯ ಬೀರುವಿನಿಂದ ಬಟ್ಟೆ ತೆಗೆದರೆ ಹಿಂಬದಿಯ ಪ್ಲೈವುಡ್ ಮೇಲೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ. ಅಂಥ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವ ಔಷಧ ಗೆದ್ದಲಿಗೆ ತಿಳಿದುಬಿಡುತ್ತದೆ. ತಾಗಿದವು ಸಾಯುತ್ತವೆ, ಉಳಿದವು ಆ ದಾರಿ ಬಿಟ್ಟು ಬೇರೆ ದಾರಿ ತೆಗೆಯುತ್ತವೆ. ಸೀಮೆಎಣ್ಣೆ ಸುರಿದರೂ ಇದೇ ಗತಿ. ಬೆಂಕಿಯ ಭಯ ಬೇರೆ.

ಕೊನೆಗೆ ಕೀಟ ನಿಯಂತ್ರಣದವರನ್ನು ಕರೆದೆ. ಮೂರು ಕಡೆಯವರು ಬಂದರು. ಒಬ್ಬರು ಬಾಗಿಲಲ್ಲೇ ನಿಂತು ಮನೆ ಅಳತೆ ಕೇಳಿ ರೇಟು ಹೇಳಿದರು. ಇನ್ನೊಬ್ಬರು ಫೋನಿನಲ್ಲಿ ಮಾತಾಡುತ್ತಲೇ ಗೋಡೆ ನೋಡಿದರು. ಮೂರನೆಯವರು ಸ್ಕ್ರೂಡ್ರೈವರ್ ಹಿಡಿಯಿಂದ ಎಲ್ಲಾ ಚೌಕಟ್ಟು, ಬೀರು, ಮೆಟ್ಟಿಲ ಕೆಳಗೆ ತಟ್ಟುತ್ತಾ ಮುಕ್ಕಾಲು ಗಂಟೆ ಓಡಾಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಈ ಗೋಡೆಗೆ ನೀರು ಎಲ್ಲಿಂದ ಬರ್ತಾ ಇದೆ?" ಅವರಿಗೇ ಕೆಲಸ ಕೊಟ್ಟೆ.

ನೀರು ಬರುತ್ತಿದ್ದದ್ದು ಬಚ್ಚಲುಮನೆಯ ಗೋಡೆಯೊಳಗಿನ ಪೈಪಿನ ಜಾಯಿಂಟಿನಿಂದ. ಹನಿ ಹನಿ. ಮಣ್ಣಿನಿಂದ ಮೇಲೆ ಬರುವ ಗೆದ್ದಲಿಗೆ ತೇವ ಇಲ್ಲದೆ ಬದುಕಿಲ್ಲ, ಮಣ್ಣಿನ ಗೆರೆ ಕಟ್ಟಿಕೊಂಡು ಬರುವುದೂ ಮೈ ಒಣಗದಿರಲಿ ಅಂತ. ಮೊದಲು ಪೈಪು ರಿಪೇರಿ, ಗೋಡೆ ಒಣಗಲು ಬಿಟ್ಟಿದ್ದು, ಔಷಧ ಆಮೇಲೆ.

ಗೋಡೆ ನೆಲ ಸೇರುವ ಕಡೆ ಸುಮಾರು ಒಂದು ಅಡಿಗೊಂದರಂತೆ ಡ್ರಿಲ್‌ನಲ್ಲಿ ತೂತು ಕೊರೆದು, ನೀರಿಗೆ ಬೆರೆಸಿದ ಔಷಧವನ್ನು ಒತ್ತಡದಲ್ಲಿ ಬಿಟ್ಟು, ಬಿಳಿ ಸಿಮೆಂಟಿನಿಂದ ಮುಚ್ಚಿದರು. ಚೌಕಟ್ಟಿನ ಬುಡಕ್ಕೂ ಹಾಗೆಯೇ. ಯಾವ ಔಷಧ ಅಂತ ಡಬ್ಬಿ ತೋರಿಸಿ ಅಂದೆ. ಫಿಪ್ರೊನಿಲ್. ಇಮಿಡಾಕ್ಲೋಪ್ರಿಡ್ ಕೂಡ ಇದೇ ಜಾತಿಯ ಕೆಲಸ ಮಾಡುತ್ತದೆ. ಇದರ ಇರುವು ಗೆದ್ದಲಿಗೆ ತಿಳಿಯುವುದಿಲ್ಲ. ಅದರ ಮೇಲೆ ಓಡಾಡಿದ ಹುಳ ಕೂಡಲೇ ಸಾಯುವುದೂ ಇಲ್ಲ. ವಾಪಸ್ ಹೋಗಿ ಬೇರೆಯವಕ್ಕೆ ಬಾಯಿಂದ ಬಾಯಿಗೆ ಉಣಿಸಿ, ಮೈ ನೆಕ್ಕಿ, ಅವಕ್ಕೂ ಹಂಚುತ್ತದೆ. ನಿಧಾನವೇ ಇದರ ಗುಣ. ಎರಡು ದಿನ ಬಿಟ್ಟು "ಇನ್ನೂ ಕಾಣ್ತಾ ಇವೆಯಲ್ಲ" ಅಂತ ನಾನು ಫೋನ್ ಮಾಡಿದಾಗ ಅವರು ನಕ್ಕರು. ಈ ಔಷಧಗಳು ಜೇನುನೊಣಕ್ಕೆ, ಜಲಚರಗಳಿಗೆ ವಿಷ. ಮೀನಿನ ತೊಟ್ಟಿ, ಬಾವಿ, ನೀರಿನ ಸಂಪು ಹತ್ತಿರ ಇದ್ದರೆ ಮೊದಲೇ ಹೇಳಿ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ನೆಲ ಪೂರ್ತಿ ಒಣಗುವವರೆಗೆ ಬೇರೆ ಕಡೆ ಇಡಬೇಕು. ಸ್ವಂತ ಕೈಯಲ್ಲಿ ಇದನ್ನು ಮಾಡಲು ಹೋಗಬೇಡಿ ಅನ್ನುವುದು ನನ್ನ ಮಾತು. ಗೋಡೆಯೊಳಗೆ ವೈರು ಎಲ್ಲಿದೆ, ಪೈಪು ಎಲ್ಲಿದೆ ಗೊತ್ತಿಲ್ಲದೆ ಡ್ರಿಲ್ ಹಿಡಿಯೋದು ಬೇರೆ ಅಪಾಯ.

ನಾನೇ ಮಾಡಿದ್ದು ಮರದ ಕೆಲಸ. ಚೌಕಟ್ಟಿನ ಕೆಳಭಾಗ ಕತ್ತರಿಸಿ ಹೊಸದು ಕೂರಿಸುವ ಮುಂಚೆ ಬರಿ ಮರಕ್ಕೆ ಬೋರೇಟ್ (ಗೆದ್ದಲು ಹಿಡಿಯದಂತೆ ಮರಕ್ಕೆ ಬಳಿಯುವ ಬೋರಾನಿನ ಲವಣ) ದ್ರಾವಣ ಎರಡು ಸಲ ಬಳಿದೆ. ಪೇಂಟಿನ ಮೇಲೆ ಬಳಿದರೆ ವ್ಯರ್ಥ, ಬರಿ ಮರ ಮಾತ್ರ ಅದನ್ನು ಹೀರುತ್ತದೆ. ನೀರು ಬೀಳುವ ಕಡೆ ತೊಳೆದು ಹೋಗುತ್ತದೆ, ಆದ್ದರಿಂದ ಮೇಲೆ ಪೇಂಟ್ ಹೊಡೆದು ಮುಚ್ಚಬೇಕು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆದೆ. ಮೆಟ್ಟಿಲ ಕೆಳಗಿನ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಎತ್ತಿದರೆ ಎರಡರ ತಳವೇ ಇರಲಿಲ್ಲ. ಅದರಲ್ಲಿದ್ದ ಶಾಲೆಯ ಹಳೇ ನೋಟ್‌ಬುಕ್ಕುಗಳಲ್ಲಿ ಅಂಚು ಮಾತ್ರ ಉಳಿದಿತ್ತು.

ಗೆಳತಿಯೊಬ್ಬಳ ಮನೆಯಲ್ಲಿ ಇದೇ ಕಥೆ ಅಂದುಕೊಂಡು ನನ್ನನ್ನು ಕರೆದಳು. ಅಲ್ಲಿ ಮಣ್ಣಿನ ಗೆರೆ ಎಲ್ಲೂ ಇಲ್ಲ. ಹಳೆಯ ಮೇಜಿನ ಕೆಳಗೆ ಗಸಗಸೆಯಂಥ ಕಾಳಿನ ಸಣ್ಣ ಗುಡ್ಡೆ, ಮೇಲೆ ಸೂಜಿ ಚುಚ್ಚಿದಂಥ ತೂತು. ಅದು ಒಣಮರದ ಗೆದ್ದಲು. ಆ ಕಾಳುಗಳು ಅದರ ಹಿಕ್ಕೆ. ಅದು ಮಣ್ಣಿಗೆ ಇಳಿಯುವುದೇ ಇಲ್ಲ, ಮರದೊಳಗೇ ಸಂಸಾರ. ಅವಳಿಗೆ ನೆಲ ಕೊರೆಸಿದ್ದರೆ ದುಡ್ಡು ದಂಡ. ಆ ಮೇಜೊಂದನ್ನೇ ಹೊರಗೆ ಸಾಗಿಸಿದಳು.

ಔಷಧ ಕೆಲಸ ಮಾಡಿತಾ ಅಂತ ನೋಡಲು ನಾನು ಬಳಸಿದ್ದು ಪೆನ್ಸಿಲ್. ಮಣ್ಣಿನ ಗೆರೆಗಳನ್ನು ಪೂರ್ತಿ ಕೆರೆದು ಹಾಕಲಿಲ್ಲ. ಒಂದೊಂದರ ನಡುವೆ ಒಂದು ಇಂಚು ಮುರಿದು, ಪಕ್ಕದ ಗೋಡೆಯ ಮೇಲೆ ತಾರೀಕು ಬರೆದೆ. ಜೀವ ಇದ್ದರೆ ಕೆಲವೇ ದಿನದಲ್ಲಿ ಒದ್ದೆ ಮಣ್ಣಿನಿಂದ ತೇಪೆ ಹಾಕುತ್ತವೆ. ಮೊದಲ ವಾರ ಒಂದಕ್ಕೆ ತೇಪೆ ಬಿತ್ತು, ನನ್ನ ಎದೆ ಧಸಕ್ ಅಂತು. ಅದನ್ನು ಮತ್ತೆ ಮುರಿದೆ. ಆಮೇಲೆ ಯಾವುದಕ್ಕೂ ಬೀಳಲಿಲ್ಲ.

ಈ ವರ್ಷವೂ ಮೊದಲ ಮಳೆಗೆ ಹುಳ ಬಂದವು. ರೆಕ್ಕೆ ಎಲ್ಲಾ ಕಿಟಕಿಯ ಜಾಲರಿಯ ಆಚೆ ಬಿದ್ದಿತ್ತು. ಟಾರ್ಚ್ ಹಿಡಿದು ಚೌಕಟ್ಟುಗಳ ಬುಡ ಒಂದೊಂದಾಗಿ ನೋಡಿದೆ, ಏನೂ ಇಲ್ಲ. ಬೀರುವಿನ ಹಿಂದಿನ ಗೋಡೆಯಲ್ಲಿ ಮುರಿದ ಗೆರೆ, ಪಕ್ಕದಲ್ಲಿ ನನ್ನ ಪೆನ್ಸಿಲಿನ ತಾರೀಕು ಹಾಗೇ ಇದೆ. ಇನ್ನಾದರೂ ಒರೆಸಬಾರದಾ ಅಂತ ಮನೆಯವರೆಲ್ಲ ಕೇಳುತ್ತಾರೆ. ಇನ್ನೊಂದು ವರ್ಷ ಇರಲಿ ಅಂದಿದ್ದೇನೆ.