ಚೌಕಾಬಾರ: ಮಣೆ ಪರದೆಯಲ್ಲಿ, ಕವಡೆ ಕೈಯಲ್ಲಿ

ದೊಡ್ಡಮ್ಮ ಅರಸೀಕೆರೆಯಲ್ಲಿ, ಅವರ ಮೊಮ್ಮಗಳು ಪುಣೆಯಲ್ಲಿ. ಇಬ್ಬರಿಗೂ ಚೌಕಾಬಾರದ ಹುಚ್ಚು. ಮೊಬೈಲಿನಲ್ಲೇ ಆಡಿಕೊಳ್ಳಲಿ ಎಂದು ಒಂದು ಆ್ಯಪ್ ಹಾಕಿಕೊಟ್ಟೆ. ಹತ್ತೇ ನಿಮಿಷಕ್ಕೆ ದೊಡ್ಡಮ್ಮ ಫೋನನ್ನು ಮಗುಚಿಟ್ಟರು: ‘ಒಂದು ಕಾಯಿಯನ್ನೂ ಹೊಡೆಯದೆ ಒಳಮನೆಗೆ ಹೋಗಲು ಬಿಡುತ್ತದಲ್ಲ, ಇದೆಂಥ ಆಟ?’

ಆ್ಯಪ್ ಮಾಡಿದವರ ಊರಿನಲ್ಲಿ ಆ ನಿಯಮ ಇರಲಿಕ್ಕಿಲ್ಲ, ಅಷ್ಟೆ. ಮಣೆಯ ಆಟಗಳು ಪರದೆಗೆ ಬರುವ ದಾರಿ ಎರಡು. ಬೋರ್ಡ್ ಗೇಮ್ ಅರೆನಾ, ಲೂಡೋ ಕಿಂಗ್‌ನಂಥವು ನಿಯಮವನ್ನು ತಾವೇ ಕಾಯುತ್ತವೆ. ತಪ್ಪು ನಡೆ ಇಡಲು ಬಿಡುವುದಿಲ್ಲ. ಟೇಬಲ್‌ಟಾಪ್ ಸಿಮ್ಯುಲೇಟರ್ ಮೂಲತಃ ಮಣೆ, ಕಾಯಿ, ದಾಳ ಕೊಟ್ಟು ಸುಮ್ಮನಾಗುತ್ತದೆ, ಜಗಳ ನಿಮ್ಮದು. 1995ರಲ್ಲಿ ಜರ್ಮನಿಯಲ್ಲಿ ಬಂದ ಕ್ಯಾಟಾನ್‌ನಂತೆ ಅಚ್ಚಾದ ನಿಯಮಪುಸ್ತಕ ಇರುವ ಆಟಕ್ಕೆ ಮೊದಲ ದಾರಿ ಚೆನ್ನ. ಮನೆಗೊಂದು ನಿಯಮ ಇರುವ ಚೌಕಾಬಾರಕ್ಕೆ ಎರಡನೆಯದೇ ಸರಿ. ಅಂಥ ಮಣೆಯನ್ನು ಗೂಗಲ್ ಸ್ಲೈಡ್ಸ್‌ನಲ್ಲಿ ನಾವೇ ಮಾಡಿಕೊಳ್ಳಬಹುದು. ಅರ್ಧ ಗಂಟೆ ಸಾಕು.

ಮೊದಲು ಮಣೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆಯಿರಿ. ನಾಲ್ಕು ಬದಿಯ ನಡುಮನೆಗಳಿಗೂ ಹಣ್ಣಾಗುವ ನಟ್ಟನಡುವಿನ ಮನೆಗೂ ಅಡ್ಡಗೆರೆ ಎಳೆಯಿರಿ. ನೇರ ಮೇಲಿನಿಂದ ಫೋಟೊ ತೆಗೆಯಿರಿ. ಓರೆಯಾಗಿ ತೆಗೆದರೆ ಎದುರಿನ ಸಾಲಿನ ಮನೆಗಳು ಕಿರಿದಾಗಿ, ಕಾಯಿ ಯಾವ ಮನೆಯಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಹೊಸ ಸ್ಲೈಡ್ ತೆರೆದು, ಪೇಜ್ ಸೆಟಪ್‌ನಲ್ಲಿ ಅಳತೆಯನ್ನು ಚೌಕಾಕಾರಕ್ಕೆ ಬದಲಿಸಿ, ಆ ಫೋಟೊವನ್ನು ಹಿನ್ನೆಲೆಯಾಗಿ ಹಾಕಿ. ಹಿನ್ನೆಲೆಯಾಗಿಯೇ ಹಾಕಬೇಕು. ಬರೀ ಚಿತ್ರವಾಗಿ ಅಂಟಿಸಿದರೆ ಕಾಯಿ ಎಳೆಯಲು ಹೋದವರ ಕೈಗೆ ಮಣೆಯೇ ಬರುತ್ತದೆ. ನಮಗೆ ಮೊದಲ ಆಟದಲ್ಲಿ ಆದದ್ದು ಅದೇ.

ಕಾಯಿಗಳಿಗೆ ಪುಟ್ಟ ವೃತ್ತ ಬರೆದು ಬಣ್ಣ ತುಂಬಿ. ನಕಲು ಮಾಡುತ್ತ ಹೋದರೆ ಆಟಗಾರರೊಬ್ಬರಿಗೆ ನಾಲ್ಕರಂತೆ ಸಿದ್ಧ. ಒಂದು ಮನೆಯಲ್ಲಿ ನಾಲ್ಕೂ ಕಾಯಿ ಹಿಡಿಸುವಷ್ಟು ಚಿಕ್ಕದಿರಲಿ. ಆಮೇಲೆ ಎಲ್ಲರಿಗೂ ತಿದ್ದುವ ಅನುಮತಿಯೊಡನೆ ಕೊಂಡಿ ಕಳುಹಿಸಿ. ನೋಡುವ ಅನುಮತಿ ಮಾತ್ರ ಕೊಟ್ಟರೆ ಅವರು ಕಾಯಿ ನಡೆಸಲಾರರು.

ಇನ್ನು ಕವಡೆ. ಅಂತರ್ಜಾಲದಲ್ಲಿ ಸಿಗುವ ದಾಳಕ್ಕೆ ಮಾತ್ರ ಮೊರೆ ಹೋಗಬೇಡಿ. ನಾಲ್ಕು ಕವಡೆಗಳಲ್ಲಿ ಪ್ರತಿಯೊಂದೂ ಬಾಯಿ ಮೇಲಾಗಿಯೋ ಕೆಳಗಾಗಿಯೋ ಬೀಳಬಹುದು. ಒಟ್ಟು 16 ಬಗೆ. ಬಾಯಿ ಮೇಲಾದ ಕವಡೆ ಎಷ್ಟೋ ಅಷ್ಟು ಗರ. ಅದರಲ್ಲಿ ಎರಡರ ಗರ 6 ಬಗೆಯಲ್ಲಿ ಬೀಳುತ್ತದೆ. ಒಂದು ಮತ್ತು ಮೂರು ತಲಾ 4 ಬಗೆ. ನಾಲ್ಕೂ ಬಾಯಿ ಮೇಲಾಗುವ ಚೌಕ ಒಂದೇ ಬಗೆ, ನಾಲ್ಕೂ ಮಗುಚಿ ಬಿದ್ದು ಎಂಟು ಕೊಡುವ ಬಾರವೂ ಒಂದೇ ಬಗೆ. ಅಂದರೆ ನೂರು ಎಸೆತಕ್ಕೆ ಬಾರ ಸರಾಸರಿ ಆರು ಸಲ ಬಿದ್ದೀತು. ಈ ಐದೂ ಗರಗಳನ್ನು ಸಮನಾಗಿ ಹಂಚುವ ಯಂತ್ರವೊಂದಿದ್ದರೆ ಅಲ್ಲಿ ಬಾರ ಇಪ್ಪತ್ತು ಸಲ ಬೀಳುತ್ತದೆ. ಚೌಕಕ್ಕೂ ಬಾರಕ್ಕೂ ಇನ್ನೊಂದು ಎಸೆತ ಬೇರೆ ಉಂಟಲ್ಲ! ಆಟ ಓಡಿಹೋಗುತ್ತದೆ, ಕಾದು ಕಾದು ಕಾಯಿ ಹೊಡೆಯುವ ಸುಖ ಉಳಿಯುವುದಿಲ್ಲ.

ಈ ಲೆಕ್ಕವೂ ಅಂದಾಜಿನದೇ. ಬೆನ್ನು ಗುಬ್ಬು, ಹೊಟ್ಟೆ ಚಪ್ಪಟೆ ಇರುವ ಕವಡೆ ನಾಣ್ಯದಷ್ಟು ಸಮವಾಗಿ ಬೀಳಬೇಕೆಂದಿಲ್ಲ. ದೊಡ್ಡಮ್ಮನ ಕವಡೆಗಳ ಮೇಲೆ ನನಗೆ ಹಳೆಯ ಗುಮಾನಿಯಿದೆ. ನಿಮಗೂ ಅಂಥ ಅನುಮಾನವಿದ್ದರೆ ಎರಡೂ ಕಡೆ ನಾಲ್ಕು ನಾಣ್ಯ ಎಸೆಯಿರಿ. ಸಿಂಹದ ಮುಖವನ್ನು ಬಾಯಿ ಎಂದುಕೊಂಡರಾಯಿತು. ಒಂದು ಬದಿ ಉಜ್ಜಿದ ಹುಣಿಸೆ ಬೀಜವೂ ಆದೀತು.

ಏನೇ ಎಸೆದರೂ ವಿಡಿಯೊ ಕರೆಯಲ್ಲಿ, ಎಲ್ಲರ ಕಣ್ಣೆದುರೇ ಎಸೆಯಬೇಕು. ಫೋನನ್ನು ಎರಡು ಡಬ್ಬಿಗಳ ನಡುವೆ ಸೇತುವೆಯಂತೆ ಮಲಗಿಸಿ, ಕ್ಯಾಮೆರಾ ಕೆಳಗೆ ನೋಡುವಂತಿಟ್ಟು, ಅಡಿಗೆ ಕಪ್ಪು ಬಟ್ಟೆ ಹಾಸಿದರೆ ಬಿಳಿ ಕವಡೆಯ ಬಾಯಿ ಸ್ಪಷ್ಟವಾಗಿ ಕಾಣುತ್ತದೆ. ಮಣೆಗೆ ಲ್ಯಾಪ್‌ಟಾಪೋ ಇನ್ನೊಂದು ಫೋನೋ ಬೇಕಾಗುತ್ತದೆ.

ಈ ಮಣೆಗೆ ನಿಯಮ ಗೊತ್ತಿಲ್ಲ, ಆದ್ದರಿಂದ ಕಳ್ಳ ನಡೆಗೆ ತಡೆಯೂ ಇಲ್ಲ. ಆದರೆ ಫೈಲ್ ಮೆನುವಿನ ವರ್ಷನ್ ಹಿಸ್ಟರಿಯಲ್ಲಿ ಹಿಂದಿನ ಸ್ಥಿತಿಗಳು ಉಳಿದಿರುತ್ತವೆ. ನಾಲ್ಕು ಮನೆ ನಡೆಯಬೇಕಾದ ಕಾಯಿ ಐದು ನಡೆದಿದ್ದರೆ ಹಿಂದೆ ಹೋಗಿ ನೋಡಬಹುದು.

ಕೊನೆಗೆ ಎರಡನೇ ಸ್ಲೈಡಿನಲ್ಲಿ ನಿಮ್ಮ ಮನೆಯ ನಿಯಮ ಬರೆದಿಡಿ: ಒಳಸುತ್ತಿಗೆ ಹೋಗಲು ಕಾಯಿ ಹೊಡೆದಿರಲೇಬೇಕೆ, ಹೊಡೆದವರಿಗೆ ಮತ್ತೊಂದು ಎಸೆತ ಉಂಟೆ, ಹಣ್ಣಾಗಲು ಸರಿಯಾದ ಗರವೇ ಬೀಳಬೇಕೆ. ದೊಡ್ಡಮ್ಮ ಫೋನಿನಲ್ಲೇ ಏಳು ನಿಯಮ ಹೇಳಿ ಬರೆಸಿದರು. ಎಂಟನೆಯದನ್ನು ಮೊಮ್ಮಗಳು ಸೇರಿಸಿದಳು: ‘ಕ್ಯಾಮೆರಾದ ಹೊರಗೆ ಉರುಳಿದ ಕವಡೆಗೆ ಲೆಕ್ಕವಿಲ್ಲ, ಅಜ್ಜಿಯದಾದರೂ.’