ಅರಿಶಿನ, ಬಿಸಿಲು, ಒಂದು ಎಲೆ: ಕ್ಯಾಮೆರಾ ಇಲ್ಲದೆ ಚಿತ್ರ ಮೂಡಿಸುವ ಬಗೆ

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ ಕೆಂಪು ಆರತಿ ಎತ್ತುವುದನ್ನು ಕಂಡವರಿಗೆ ಈ ಕಲೆಯ ಅರ್ಧ ರಸಾಯನಶಾಸ್ತ್ರ ಆಗಲೇ ಗೊತ್ತಿದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಾಗಿದೊಡನೆ ಕೆಂಪಾಗುತ್ತದೆ. ಅದೇ ಕರ್ಕ್ಯುಮಿನ್ ಬಿಸಿಲಿಗೆ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಅರಿಶಿನದ ಕಲೆಯಾದ ಬಟ್ಟೆಯನ್ನು ಒಗೆದು ಬಿಸಿಲಿಗೆ ಹರಡುವುದು ಇದಕ್ಕಾಗಿಯೇ. ಸಸ್ಯಗಳ ಬಣ್ಣದಿಂದ ಹೀಗೆ ಚಿತ್ರ ಮೂಡಿಸುವ ವಿಧಾನಕ್ಕೆ ಆಂಥೋಟೈಪ್ ಎಂದು ಹೆಸರು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಹೂವಿನ ರಸಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1842ರಲ್ಲಿ ಪ್ರಕಟಿಸಿದರು. ನಮ್ಮ ಕಾಲದಲ್ಲಿ ವಿಯೆಟ್ನಾಂ ಮೂಲದ ಅಮೆರಿಕದ ಕಲಾವಿದ ಬಿನ್ ಡಾನ್ ಯುದ್ಧದ ಛಾಯಾಚಿತ್ರಗಳನ್ನು ಎಲೆಗಳ ಹಸಿರಿನಲ್ಲೇ ಬಿಸಿಲಿನಿಂದ ಮೂಡಿಸಿದ್ದಾರೆ.

ಒಂದು ಚಮಚ ಅರಿಶಿನ ಪುಡಿಯನ್ನು ಸುಮಾರು 50 ಮಿಲಿಲೀಟರ್ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಕಿ ಹತ್ತು ನಿಮಿಷ ಬಿಡಿ. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲವಾದ್ದರಿಂದ ಸ್ಪಿರಿಟ್ ಬೇಕೇ ಬೇಕು. ಅದು ಥಟ್ಟನೆ ಹೊತ್ತಿಕೊಳ್ಳುವ ವಸ್ತು. ಒಲೆ, ದೀಪಗಳಿಂದ ದೂರವಿರಿ, ಕಿಟಕಿ ತೆರೆದಿರಲಿ. ತೆಳುಬಟ್ಟೆಯಲ್ಲಿ ಸೋಸಿ, ದಪ್ಪನೆಯ ಡ್ರಾಯಿಂಗ್ ಹಾಳೆಗೆ ಅಗಲ ಬ್ರಷ್‌ನಿಂದ ನೆರಳಿನಲ್ಲಿ ಬಳಿಯಿರಿ. ಒಣಗಿದ ಮೇಲೆ ಇನ್ನೊಂದು ಬಾರಿ ಬಳಿದರೆ ಬಣ್ಣ ತುಂಬಿಕೊಳ್ಳುತ್ತದೆ.

ಮೇಲಿಡುವ ವಸ್ತುವಿನ ಆಯ್ಕೆಯಲ್ಲಿ ಆತುರ ಬೇಡ; ಚಿತ್ರದ ಜೀವ ಇರುವುದು ಅಲ್ಲಿಯೇ. ಹಸಿ ಎಲೆಯ ತೇವ ಗಾಜಿನಡಿ ಹಬೆಯಾಗಿ ಅಂಚನ್ನು ಕಲಸಿಬಿಡುತ್ತದೆ, ಆದ್ದರಿಂದ ಎರಡು ದಿನ ಪುಸ್ತಕದೊಳಗೆ ಒತ್ತಿಟ್ಟ ಕರಿಬೇವಿನ ಎಸಳು, ಜರೀಗಿಡದ ಗರಿ ಅಥವಾ ಕ್ರೋಶಾ ಹೆಣಿಗೆಯ ತುಂಡನ್ನು ಆರಿಸಿಕೊಳ್ಳಿ. ಛಾಯಾಚಿತ್ರವೇ ಬೇಕಿದ್ದರೆ ಪಾರದರ್ಶಕ ಹಾಳೆಯ ಮೇಲೆ ಕಪ್ಪು-ಬಿಳುಪಿನಲ್ಲಿ ಮುದ್ರಿಸಿ. ನೆಗೆಟಿವ್ ಮಾಡಬೇಡಿ, ಏಕೆಂದರೆ ಇಲ್ಲಿ ಕಪ್ಪು ಮುಚ್ಚಿದ ಜಾಗವೇ ಕೊನೆಗೆ ಗಾಢವಾಗಿ ಉಳಿಯುತ್ತದೆ. ಮೇಲೆ ಗಾಜು ಹೊದಿಸಿ, ಕ್ಲಿಪ್ ಹಾಕಿ, ನಡುಹಗಲ ಬಿಸಿಲಿನಲ್ಲಿ ಒಂದರಿಂದ ಮೂರು ಗಂಟೆ ಇಡಿ. ಸುತ್ತಲಿನ ಹಳದಿ ಮಾಸಿ ಕೆನೆಬಣ್ಣಕ್ಕೆ ಬಂದಾಗ ಸಾಕು; ಗಡಿಯಾರಕ್ಕಿಂತ ಕಣ್ಣನ್ನು ನಂಬಿ.

ಎಲೆ ಎತ್ತಿದಾಗ ತಿಳಿಹಳದಿಯ ಮೇಲೆ ಹಳದಿ ನೆರಳು ಮಾತ್ರ ಕಾಣುತ್ತದೆ, ನಿರಾಶರಾಗಬೇಡಿ. ಒಂದು ಲೋಟ ನೀರಿನಲ್ಲಿ ಒಂದು ಚಮಚ ಅಡುಗೆ ಸೋಡಾ ಕರಗಿಸಿ ಬ್ರಷ್‌ನಿಂದ ಮೆಲ್ಲನೆ ಸವರಿ. ಬ್ರಷ್ ಹೋದಲ್ಲೆಲ್ಲ ಎಲೆಯ ಆಕಾರ ಇಟ್ಟಿಗೆಗೆಂಪಿಗೆ ತಿರುಗುತ್ತ, ಬಿಸಿಲು ನುಸುಳದ ತೊಟ್ಟು ದಟ್ಟವಾಗಿಯೂ ಬೆಳಕು ಹಾಯ್ದ ತೆಳು ಅಂಚು ಮಸುಕಾಗಿಯೂ ಮೇಲೇಳುವ ಆ ಕ್ಷಣಕ್ಕಾಗಿಯೇ ನಾನು ಮತ್ತೆ ಮತ್ತೆ ಈ ಕೆಲಸಕ್ಕೆ ಕೂರುತ್ತೇನೆ. ಸೋಡಾದ ಬದಲು ಬಿಳಿಗಾರ (ಬೋರಾಕ್ಸ್) ಬಳಸಿದರೆ ಬಣ್ಣ ಇನ್ನೂ ಗಾಢವಾಗುತ್ತದೆ, ಆದರೆ ಅದನ್ನು ಮಕ್ಕಳ ಕೈಗೆ ಕೊಡಬಾರದು. ಸುಣ್ಣದ ತಿಳಿನೀರೂ ಕೆಂಪು ತರುತ್ತದೆ. ಒಣಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿ ಪೊರೆ ಕಟ್ಟುವುದರಿಂದ ನಾನು ಅದನ್ನು ಬಳಸುವುದಿಲ್ಲ.

ಹಾಳೆಯನ್ನು ನೆರಳಿನಲ್ಲಿ ಒಣಗಿಸಿ. ಬೆಳ್ಳಿಯ ಲವಣದಿಂದ ಮೂಡಿಸುವ ಛಾಯಾಚಿತ್ರಗಳನ್ನು ಮಾಸದಂತೆ ಸ್ಥಿರಗೊಳಿಸುವ ಹೈಪೋ (ಸೋಡಿಯಂ ಥಯೋಸಲ್ಫೇಟ್) ಎಂಬ ರಾಸಾಯನಿಕದ ಗುಣವನ್ನು ಕಂಡುಕೊಂಡವರು ಇದೇ ಹರ್ಷೆಲ್, ಆದರೆ ಸಸ್ಯದ ಬಣ್ಣಕ್ಕೆ ಅಂಥ ಸ್ಥಿರಕಾರಿ ಇಲ್ಲ. ಗೋಡೆಗೆ ತೂಗುಹಾಕಿದ ಚಿತ್ರವನ್ನು ಕೋಣೆಯ ಬೆಳಕೇ ನಿಧಾನವಾಗಿ ಅಳಿಸುತ್ತದೆ. ಆದ್ದರಿಂದ ಒಣಗಿದ ದಿನವೇ ಒಂದು ಫೋಟೊ ತೆಗೆದುಕೊಂಡು, ಮೂಲವನ್ನು ಕಪ್ಪು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಡಿ.